ಕಡಿಮೆ ಬಜೆಟ್‌ನಲ್ಲಿ ಫ್ಲೈಟ್ ಸಿಮ್ಯುಲೇಟರ್ ಪಿಸಿ: ಯಾವ ಭಾಗಕ್ಕೆ ಎಷ್ಟು ದುಡ್ಡು ಹಾಕಬೇಕು?

ಗೇಮಿಂಗ್ ಪಿಸಿ ಕಟ್ಟುತ್ತೇನೆ ಅಂದರೆ ಸಾಕು, ಯಾರನ್ನು ಕೇಳಿದರೂ ಒಂದೇ ಮಾತು: ‘ಅರ್ಧ ದುಡ್ಡು ಗ್ರಾಫಿಕ್ಸ್ ಕಾರ್ಡ್‌ಗೆ ಇಡು, ಉಳಿದದ್ದರಲ್ಲಿ ಹೇಗೋ ಹೊಂದಿಸಿಕೋ.’ ಗುಂಡು ಹಾರಿಸುವ ಆಟಗಳಿಗೆ, ಕಾರ್ ರೇಸ್‌ಗೆ ಈ ಮಾತು ಸರಿ. ವಿಮಾನ ಹಾರಿಸುವ ಸಿಮ್ಯುಲೇಟರ್‌ಗೆ (ಚಿಕ್ಕದಾಗಿ ‘ಸಿಮ್’) ಅಷ್ಟು ಸರಿಯಲ್ಲ. ನಾನೂ ಮೊದಲ ಸಲ ಹಾಗೇ ಮಾಡಿದ್ದೆ. ಒಳ್ಳೆಯ ಕಾರ್ಡ್ ತಂದು ಹಳೆಯ ನಾಲ್ಕು ಕೋರ್‌ನ (ಕೋರ್ ಅಂದರೆ ಲೆಕ್ಕ ಮಾಡುವ ಘಟಕ) ಪ್ರೊಸೆಸರ್ ಪಕ್ಕ ಕೂರಿಸಿದೆ. ಮೋಡಗಳು ಚೆನ್ನಾಗಿಯೇ ಕಂಡವು. ಆದರೆ ದೊಡ್ಡ ಊರಿನ ಏರ್‌ಪೋರ್ಟ್‌ನಲ್ಲಿ ಇಳಿಯುವಾಗ, ಸರಿಯಾಗಿ ಚಕ್ರ ರನ್‌ವೇ ಮುಟ್ಟುವ ಹೊತ್ತಿಗೆ, ಚಿತ್ರ ತಡವರಿಸುತ್ತಿತ್ತು. ಅಷ್ಟು ದುಡ್ಡು ಸುರಿದ ಕಾರ್ಡ್ ಆಗ ಅರ್ಧ ಕೆಲಸವೂ ಇಲ್ಲದೆ ಸುಮ್ನೆ ಕೂತಿತ್ತು.

ಕಾರಣ ಇಷ್ಟೇ. ಸಿಮ್ ಒಂದು ಚಿತ್ರ ಬಿಡಿಸುವ ಮೊದಲು ತುಂಬಾ ಲೆಕ್ಕ ಮಾಡುತ್ತದೆ. ರೆಕ್ಕೆಯ ಮೇಲೆ ಗಾಳಿ ಹೇಗೆ ಹರಿಯುತ್ತದೆ, ಎಂಜಿನ್ ಎಷ್ಟು ಬಿಸಿಯಾಗಿದೆ, ಆಟೋಪೈಲಟ್ ಏನು ಮಾಡಬೇಕು, ಸುತ್ತ ಬೇರೆ ವಿಮಾನಗಳು ಎಲ್ಲಿವೆ, ಕೆಳಗಿನ ಯಾವ ಮನೆ ಯಾವ ಮರ ಈಗ ಕಾಣಬೇಕು. ಇವುಗಳಲ್ಲಿ ಬಹಳಷ್ಟು ಪ್ರೊಸೆಸರ್‌ನ ಒಂದೇ ಒಂದು ಥ್ರೆಡ್ (ಕೆಲಸದ ಸಾಲು) ಮೇಲೆ ಸಾಲಾಗಿ ನಡೆಯುತ್ತವೆ. ಅದನ್ನು ಮೇನ್ ಥ್ರೆಡ್ ಅನ್ನುತ್ತಾರೆ. ಆ ಸಾಲು ಮುಗಿಯುವ ತನಕ ಗ್ರಾಫಿಕ್ಸ್ ಕಾರ್ಡ್ ಕಾಯಲೇಬೇಕು. ಕಾರ್ಡ್ ಎಷ್ಟೇ ದೊಡ್ಡದಿರಲಿ, ಕಾಯುವುದು ತಪ್ಪುವುದಿಲ್ಲ. ಹಾಗಾಗಿ ಇಲ್ಲಿ ಭಾಗಗಳನ್ನು ಆರಿಸುವ ಕ್ರಮವೇ ಬೇರೆ.

ಹೆಜ್ಜೆ 1: ಯಾವ ಸಿಮ್ ಎಂದು ಮೊದಲು ತೀರ್ಮಾನಿಸಿ

‘ಎಲ್ಲವನ್ನೂ ಆಡುತ್ತೇನೆ’ ಅನ್ನುವುದು ಬಜೆಟ್‌ಗೆ ಹೊಂದುವ ಉತ್ತರ ಅಲ್ಲ. ನಿಮ್ಮ ಸಮಯದ ಮುಕ್ಕಾಲು ಭಾಗ ಎಲ್ಲಿ ಹೋಗುತ್ತದೆ ಎಂದು ಯೋಚಿಸಿ.

2024ರ ನವೆಂಬರ್‌ನಲ್ಲಿ ಬಂದ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2024ಕ್ಕೆ ಕಂಪನಿ ಕೊಟ್ಟಿರುವ ಪಟ್ಟಿ ನೋಡಿ. ಕನಿಷ್ಠ ಮಟ್ಟಕ್ಕೆ 16 ಜಿಬಿ ರ‍್ಯಾಮ್, 4 ಜಿಬಿ ವಿಡಿಯೋ ಮೆಮೊರಿ (ಗ್ರಾಫಿಕ್ಸ್ ಕಾರ್ಡ್‌ನ ಸ್ವಂತ ಮೆಮೊರಿ). ಶಿಫಾರಸು ಮಾಡಿದ ಮಟ್ಟಕ್ಕೆ 32 ಜಿಬಿ ಮತ್ತು 8 ಜಿಬಿ. ಅತ್ಯುತ್ತಮ ಮಟ್ಟಕ್ಕೆ 64 ಜಿಬಿ ಮತ್ತು 12 ಜಿಬಿ. ಬಜೆಟ್ ಪಿಸಿ ಕಟ್ಟುವವರು ನಡುವಿನ ಸಾಲನ್ನು ಗುರಿಯಾಗಿ ಇಟ್ಟುಕೊಳ್ಳಿ. ಕನಿಷ್ಠ ಅಂತ ಬರೆದಿರುವುದು ಆಟ ಶುರುವಾಗುತ್ತದೆ ಎಂಬ ಮಾತು ಅಷ್ಟೇ, ಖುಷಿಯಾಗಿ ಆಡಬಹುದು ಎಂಬ ಮಾತಲ್ಲ.

ಎಕ್ಸ್-ಪ್ಲೇನ್ 12 ಕೂಡ ಪ್ರೊಸೆಸರ್‌ನ ಒಂದು ಕೋರ್‌ನ ವೇಗವನ್ನು ತುಂಬಾ ನೆಚ್ಚಿಕೊಂಡಿದೆ. ಡಿಸಿಎಸ್ ವರ್ಲ್ಡ್ ಯುದ್ಧ ವಿಮಾನಗಳ ಸಿಮ್. 2023ರಲ್ಲಿ ಅದಕ್ಕೆ ಮಲ್ಟಿಥ್ರೆಡಿಂಗ್ (ಕೆಲಸವನ್ನು ಹಲವು ಥ್ರೆಡ್‌ಗಳಿಗೆ ಹಂಚುವುದು) ಬಂದ ಮೇಲೆ ಪ್ರೊಸೆಸರ್ ಹೊರೆ ಸ್ವಲ್ಪ ಹಗುರವಾಯಿತು. ಆದರೆ ರ‍್ಯಾಮ್ ಮತ್ತು ಎಸ್‌ಎಸ್‌ಡಿ ಜಾಗವನ್ನು ಅದು ನುಂಗುವ ರೀತಿ ಬೇರೆ ಯಾವುದಕ್ಕೂ ಇಲ್ಲ. ಫ್ಲೈಟ್‌ಗಿಯರ್ ಪೂರ್ತಿ ಉಚಿತ, ಓಪನ್ ಸೋರ್ಸ್. ಹಳೆಯ ಯಂತ್ರದಲ್ಲೂ ಓಡುತ್ತದೆ.

ಒಂದು ಉಪಾಯ: ಎಕ್ಸ್-ಪ್ಲೇನ್‌ಗೆ ಉಚಿತ ಡೆಮೊ ಇದೆ. ಡಿಸಿಎಸ್ ಅನ್ನು ಉಚಿತವಾಗಿಯೇ ಇಳಿಸಿಕೊಳ್ಳಬಹುದು, ಸು-25ಟಿ ಮತ್ತು ಟಿಎಫ್-51ಡಿ ಎಂಬ ಎರಡು ವಿಮಾನ ಜೊತೆಗೇ ಬರುತ್ತವೆ. ಒಂದು ಬಿಡಿಭಾಗವನ್ನೂ ಕೊಳ್ಳುವ ಮೊದಲು ಇವನ್ನು ಈಗಿರುವ ಪಿಸಿಯಲ್ಲಿ ಓಡಿಸಿ ನೋಡಿ. ಏನು ಇಷ್ಟ ಅಂತಲೂ ಗೊತ್ತಾಗುತ್ತದೆ, ಎಲ್ಲಿ ಸಿಕ್ಕಿಹಾಕಿಕೊಳ್ಳುತ್ತದೆ ಅಂತಲೂ ಗೊತ್ತಾಗುತ್ತದೆ.

ಹೆಜ್ಜೆ 2: ಈಗಿರುವ ಪಿಸಿಯನ್ನು ಅಳೆಯಿರಿ

ಹೊಸದಾಗಿ ಎಲ್ಲ ಕೊಳ್ಳುವವರು ಇದನ್ನು ಬಿಟ್ಟು ಮುಂದೆ ಹೋಗಬಹುದು. ಆದರೆ ಮನೆಯಲ್ಲಿ ಒಂದು ಪಿಸಿ ಇದ್ದರೆ ಈ ಹೆಜ್ಜೆಯೇ ಅತಿ ಹೆಚ್ಚು ದುಡ್ಡು ಉಳಿಸುವುದು.

ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಡೆವಲಪರ್ ಮೋಡ್ ಆನ್ ಮಾಡಿ ಎಫ್‌ಪಿಎಸ್ (ಸೆಕೆಂಡಿಗೆ ಎಷ್ಟು ಚಿತ್ರ) ತೋರಿಸುವ ಪೆಟ್ಟಿಗೆ ತೆರೆಯಿರಿ. ವೇಗವನ್ನು ತಡೆಯುತ್ತಿರುವುದು ಮೇನ್ ಥ್ರೆಡ್ಡೋ ಜಿಪಿಯುವೋ (ಗ್ರಾಫಿಕ್ಸ್ ಕಾರ್ಡ್) ಎಂದು ಅದು ನೇರವಾಗಿ ಹೇಳುತ್ತದೆ. ಎಕ್ಸ್-ಪ್ಲೇನ್‌ನಲ್ಲೂ ಡೇಟಾ ಔಟ್‌ಪುಟ್‌ನಿಂದ ಫ್ರೇಮ್ ರೇಟ್ ಆರಿಸಿಕೊಂಡರೆ ಸಿಪಿಯು (ಪ್ರೊಸೆಸರ್) ಸಮಯ, ಜಿಪಿಯು ಸಮಯ ಬೇರೆ ಬೇರೆ ಕಾಣುತ್ತವೆ.

ಯಾವ ಸಿಮ್‌ಗೂ ಹೊಂದುವ ಇನ್ನೊಂದು ಪರೀಕ್ಷೆ ಇದೆ. ದೊಡ್ಡ ಏರ್‌ಪೋರ್ಟ್‌ನ ಗೇಟ್‌ನಲ್ಲಿ ವಿಮಾನ ನಿಲ್ಲಿಸಿ. ಎಫ್‌ಪಿಎಸ್ ಬರೆದಿಟ್ಟುಕೊಳ್ಳಿ. ಈಗ ರೆಸೊಲ್ಯೂಷನ್ (ಚಿತ್ರದ ಚುಕ್ಕೆಗಳ ಸಂಖ್ಯೆ) ಅರ್ಧಕ್ಕೆ ಇಳಿಸಿ. ಎಫ್‌ಪಿಎಸ್ ಜಿಗಿದರೆ ಕಾರ್ಡ್ ಸಾಲದು ಎಂದು ಅರ್ಥ. ಅಲ್ಲಾಡದೆ ಅಲ್ಲೇ ಇದ್ದರೆ ಪ್ರೊಸೆಸರ್ ಸಾಲದು. ಐದು ನಿಮಿಷದ ಕೆಲಸ.

ಇಲ್ಲಿ ಟಾಸ್ಕ್ ಮ್ಯಾನೇಜರ್ ನಂಬಬೇಡಿ. ‘ಸಿಪಿಯು 30 ಪರ್ಸೆಂಟ್ ಅಷ್ಟೇ ಓಡ್ತಿದೆ, ಹಾಗಾದರೆ ಅದರದ್ದಲ್ಲ ತಪ್ಪು’ ಎಂದು ತುಂಬಾ ಜನ ಮೋಸ ಹೋಗುತ್ತಾರೆ. 12 ಥ್ರೆಡ್‌ನ ಪ್ರೊಸೆಸರ್‌ನಲ್ಲಿ ಒಂದು ಥ್ರೆಡ್ ಪೂರ್ತಿ ಬೆವರು ಸುರಿಸಿದರೂ ಒಟ್ಟು ಲೆಕ್ಕದಲ್ಲಿ ಅದು ಶೇಕಡಾ 8ರ ಹತ್ತಿರ ಮಾತ್ರ.

ಹೆಜ್ಜೆ 3: ಗುರಿಯನ್ನು ಕೆಳಗೆ ಇಡಿ, ನಾಚಿಕೆ ಬೇಡ

144 ಎಫ್‌ಪಿಎಸ್ ಮರೆತುಬಿಡಿ. ಪ್ರಯಾಣಿಕ ವಿಮಾನ ಹಾರಿಸುವವರಿಗೆ ಒಂದೇ ಸಮನೆ ಬರುವ 30 ಎಫ್‌ಪಿಎಸ್ ಸಾಕು. 35ರಿಂದ 60ರ ನಡುವೆ ಜೀಕುವ ಚಿತ್ರಕ್ಕಿಂತ ಅಲ್ಲಾಡದ 30 ಕಣ್ಣಿಗೆ ಹಿತ. 30 ಅಂದರೆ ಪ್ರತಿ ಚಿತ್ರಕ್ಕೆ 33 ಮಿಲಿಸೆಕೆಂಡ್ ಸಮಯ ಸಿಗುತ್ತದೆ, 60 ಅಂದರೆ ಅದರ ಅರ್ಧ. ಯುದ್ಧ ವಿಮಾನಗಳಲ್ಲಿ ತಲೆ ಬೇಗ ತಿರುಗಿಸುತ್ತಾ ಇರಬೇಕು, ಅಲ್ಲಿ 45–60 ಇದ್ದರೆ ಚೆನ್ನ.

ಮಾನಿಟರ್ ಲೆಕ್ಕ ಹೀಗೆ: 1080ಪಿ ಪರದೆಯಲ್ಲಿ ಸುಮಾರು 20.7 ಲಕ್ಷ ಚುಕ್ಕೆಗಳು, 1440ಪಿಯಲ್ಲಿ 36.9 ಲಕ್ಷ, 4ಕೆಯಲ್ಲಿ 82.9 ಲಕ್ಷ. ಅಷ್ಟನ್ನೂ ಬಿಡಿಸುವುದು ಕಾರ್ಡ್‌ನ ಕೆಲಸ. ಬಜೆಟ್ ಬಿಗಿ ಇದ್ದರೆ 1080ಪಿಗೆ ಅಂಟಿಕೊಳ್ಳಿ, ಸ್ವಲ್ಪ ಸಡಿಲ ಇದ್ದರೆ 1440ಪಿ. ಕಾಕ್‌ಪಿಟ್‌ನ ಸಣ್ಣ ಅಂಕಿಗಳು 1440ಪಿಯಲ್ಲಿ ಎಷ್ಟೋ ಸ್ಪಷ್ಟ, ಅದು ನಿಜ. ವಿಆರ್ ಹೆಡ್‌ಸೆಟ್ ಆಸೆ ಇದ್ದರೆ ಈ ಬಜೆಟ್ ಸಾಲದು, ಇನ್ನೂ ಸ್ವಲ್ಪ ಕಾಲ ಕೂಡಿಡಿ.

ಫ್ರೀಸಿಂಕ್ (ಪರದೆಯ ವೇಗವನ್ನು ಆಟದ ಎಫ್‌ಪಿಎಸ್‌ಗೆ ಹೊಂದಿಸುವ) ಮಾನಿಟರ್ ಕೊಳ್ಳುವಾಗ ಅದು ಎಷ್ಟು ಹರ್ಟ್ಸ್‌ನಿಂದ ಕೆಲಸ ಮಾಡುತ್ತದೆ ಎಂದು ನೋಡಿ. ತುಂಬಾ ಅಗ್ಗದ ಮಾನಿಟರ್‌ಗಳು 48ರಿಂದ 75 ಅಂತ ಇರುತ್ತವೆ. ನಮ್ಮ ಸಿಮ್ ಓಡುವುದು 35ರಲ್ಲಿ! ಆಗ ಫ್ರೀಸಿಂಕ್ ಇದ್ದೂ ಇಲ್ಲದ ಹಾಗೆ. 48ರಿಂದ 144ರ ತನಕ ಇರುವ ಮಾನಿಟರ್ ಆದರೆ ಒಂದೇ ಚಿತ್ರವನ್ನು ಎರಡು ಸಲ ತೋರಿಸಿ 35 ಅನ್ನು 70 ಮಾಡಿಕೊಳ್ಳುವ ಜಾಣತನ ಅದಕ್ಕಿರುತ್ತದೆ. ಅದೂ ಬೇಡ ಅಂದರೆ ಹಳೆಯ 60 ಹರ್ಟ್ಸ್ ಟಿವಿಗೆ 30ರ ಮಿತಿ ಹಾಕಿ ಹಾರಿಸಿ. ನಾನು ಎರಡು ವರ್ಷ ಹಾಗೇ ಹಾರಿಸಿದ್ದೇನೆ.

ಹೆಜ್ಜೆ 4: ದುಡ್ಡನ್ನು ಹಂಚಿ

ಮಾನಿಟರ್ ಬಿಟ್ಟು ಒಟ್ಟು ಬಜೆಟ್ 100 ಅಂತ ಇಟ್ಟುಕೊಳ್ಳಿ. ನನ್ನ ಲೆಕ್ಕ ಹೀಗೆ: ಪ್ರೊಸೆಸರ್ ಮತ್ತು ಮದರ್‌ಬೋರ್ಡ್ ಎರಡಕ್ಕೂ ಸೇರಿ 35, ಗ್ರಾಫಿಕ್ಸ್ ಕಾರ್ಡ್‌ಗೆ 30, ರ‍್ಯಾಮ್ ಮತ್ತು ಎಸ್‌ಎಸ್‌ಡಿಗೆ 18, ಪವರ್ ಸಪ್ಲೈ ಮತ್ತು ಕ್ಯಾಬಿನೆಟ್‌ಗೆ 11, ಜಾಯ್‌ಸ್ಟಿಕ್‌ಗೆ 6. ಮಾಮೂಲಿ ಗೇಮಿಂಗ್ ಪಿಸಿಗೆ ಹೋಲಿಸಿದರೆ ಕಾರ್ಡ್ ಪಾಲು ಕಡಿಮೆ, ಪ್ರೊಸೆಸರ್ ಪಾಲು ಜಾಸ್ತಿ. ರ‍್ಯಾಮ್ ಮತ್ತು ಎಸ್‌ಎಸ್‌ಡಿ ಬೆಲೆ ವರ್ಷದಿಂದ ವರ್ಷಕ್ಕೆ ತುಂಬಾ ಏರಿಳಿಯುತ್ತದೆ. ಅದು ಏರಿರುವ ಕಾಲದಲ್ಲಿ ಕಾರ್ಡ್ ಪಾಲಿನಿಂದ ತೆಗೆಯಿರಿ, ಪ್ರೊಸೆಸರ್ ಪಾಲು ಮುಟ್ಟಬೇಡಿ.

ಹೆಜ್ಜೆ 5: ಪ್ರೊಸೆಸರ್, ನಿಧಾನವಾಗಿ ಓದಬೇಕಾದ ಭಾಗ

ಪ್ರೊಸೆಸರ್ ಡಬ್ಬದ ಮೇಲೆ ಕೋರ್ ಎಷ್ಟು, ಗಿಗಾಹರ್ಟ್ಸ್ ಎಷ್ಟು ಎಂದು ದೊಡ್ಡದಾಗಿ ಬರೆದಿರುತ್ತಾರೆ. ಸಿಮ್‌ಗೆ ಬೇಕಾದ ಸಂಖ್ಯೆ ಇನ್ನೊಂದು: ಎಲ್3 ಕ್ಯಾಶ್. ದುಡ್ಡಿನ ಕ್ಯಾಶ್ ಅಲ್ಲ ಇದು, ಆದರೆ ಆ ಕ್ಯಾಶ್ ಕೊಡಬೇಕಾದದ್ದು ಇದಕ್ಕೇ.

ಕ್ಯಾಶ್ ಅಂದರೆ ಪ್ರೊಸೆಸರ್ ಒಳಗೇ ಇರುವ ಸಣ್ಣ, ತುಂಬಾ ವೇಗದ ಮೆಮೊರಿ. ಬೇಕಾದ ಮಾಹಿತಿ ಅಲ್ಲಿ ಸಿಕ್ಕರೆ ತಕ್ಷಣ ಕೆಲಸ ಸಾಗುತ್ತದೆ. ಸಿಗದಿದ್ದರೆ ರ‍್ಯಾಮ್ ತನಕ ಹೋಗಿ ತರಬೇಕು, ಅಷ್ಟು ಹೊತ್ತು ಕೋರ್ ಬೆರಳು ಮುರಿಯುತ್ತಾ ಕೂತಿರುತ್ತದೆ. ಸಿಮ್‌ನಲ್ಲಿ ಪ್ರತಿ ಚಿತ್ರಕ್ಕೂ ಸಾವಿರಾರು ಚಿಲ್ಲರೆ ವಸ್ತುಗಳ ಮಾಹಿತಿ ಬೇಕು, ಅದು ಅಲ್ಲಲ್ಲಿ ಚದುರಿಕೊಂಡಿರುತ್ತದೆ. ಹಾಗಾಗಿ ಕ್ಯಾಶ್ ದೊಡ್ಡದಾದಷ್ಟೂ ಲಾಭ.

ಎಎಂಡಿಯ ಹೆಸರಿನ ಕೊನೆಗೆ ‘ಎಕ್ಸ್3ಡಿ’ ಇರುವ ಪ್ರೊಸೆಸರ್‌ಗಳಲ್ಲಿ ಹೆಚ್ಚುವರಿ ಕ್ಯಾಶ್ ಅಟ್ಟ ಕಟ್ಟಿದ ಹಾಗೆ ಸೇರಿರುತ್ತದೆ. 2022ರಲ್ಲಿ ಬಂದ ರೈಜನ್ 7 5800ಎಕ್ಸ್3ಡಿ ಈ ಸಾಲಿನ ಮೊದಲನೆಯದು, ಅದರಲ್ಲಿ 96 ಎಂಬಿ. 2024ರಲ್ಲಿ ಬಂದ 5700ಎಕ್ಸ್3ಡಿಯಲ್ಲೂ ಅಷ್ಟೇ ಇದೆ. ಇದರ ಗರಿಷ್ಠ ವೇಗ 4.1 ಗಿಗಾಹರ್ಟ್ಸ್. ಇದಕ್ಕಿಂತ ಅಗ್ಗದ ರೈಜನ್ 5 5600 ಕೂಡ 4.4ರ ತನಕ ಓಡುತ್ತದೆ. ಆದರೂ ಸಿಮ್‌ನಲ್ಲಿ 5700ಎಕ್ಸ್3ಡಿ ಮುಂದೆ. ಬರೀ ಗಿಗಾಹರ್ಟ್ಸ್ ನೋಡಿ ಕೊಳ್ಳಬಾರದು ಎನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಸಿಕ್ಕಿಲ್ಲ.

ಈಗ ಹೆಸರುಗಳ ಬಲೆ. ಇಲ್ಲಿ ಎಷ್ಟೋ ಜನ ಜಾರಿ ಬೀಳುತ್ತಾರೆ. ರೈಜನ್ 7 5700 ಮತ್ತು 5700ಜಿ ಎರಡರಲ್ಲೂ 16 ಎಂಬಿ ಕ್ಯಾಶ್. 5700ಎಕ್ಸ್‌ನಲ್ಲಿ 32. 5700ಎಕ್ಸ್3ಡಿಯಲ್ಲಿ 96. ಸಂಖ್ಯೆ ಒಂದೇ, ಬಾಲದ ಅಕ್ಷರ ಮಾತ್ರ ಬೇರೆ, ಒಳಗಿನ ಸರಕು ಆರು ಪಟ್ಟು ಬೇರೆ. ಹಾಗೇ 5600ರಲ್ಲಿ 32 ಎಂಬಿ ಇದ್ದರೆ 5500 ಮತ್ತು 5600ಜಿಯಲ್ಲಿ 16. ಎಎಂ5 ಸಾಕೆಟ್‌ನಲ್ಲಿ (ಸಾಕೆಟ್ ಅಂದರೆ ಬೋರ್ಡ್‌ನಲ್ಲಿ ಪ್ರೊಸೆಸರ್ ಕೂರುವ ಜಾಗ) ರೈಜನ್ 5 7600ರಲ್ಲಿ 32, ಅದೇ ಸಾಕೆಟ್‌ನ 8400ಎಫ್‌ನಲ್ಲಿ 16. ಸಂಖ್ಯೆ ದೊಡ್ಡದು, ಸಿಮ್‌ಗೆ ಮಾತ್ರ ಸಣ್ಣದು.

ನನ್ನ ಆಯ್ಕೆಗಳು ಹೀಗಿವೆ. ತೀರಾ ಕಡಿಮೆ ಬಜೆಟ್‌ಗೆ ರೈಜನ್ 5 5600, ಇಲ್ಲವೇ ಇಂಟೆಲ್ ಕೋರ್ ಐ5 12400ಎಫ್. ಎರಡರಲ್ಲೂ 6 ಕೋರ್, 12 ಥ್ರೆಡ್. ಇಂಟೆಲ್‌ನದರಲ್ಲಿ ಕ್ಯಾಶ್ 18 ಎಂಬಿ ಮಾತ್ರ. ಹೆಸರಿನಲ್ಲಿ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲ, ಬೇರೆ ಕಾರ್ಡ್ ಇಲ್ಲದೆ ಪರದೆ ಹೊತ್ತಿಕೊಳ್ಳುವುದಿಲ್ಲ. ನಡುವಿನ ಬಜೆಟ್‌ಗೆ ರೈಜನ್ 5 7600. ನಿಮ್ಮ ಬಳಿ ಈಗಾಗಲೇ ಎಎಂ4 (ರೈಜನ್ 5000 ಸಾಲು ಕೂರುವ ಹಳೆಯ ಸಾಕೆಟ್) ಬೋರ್ಡ್ ಇದ್ದರೆ ಯೋಚನೆಯೇ ಬೇಡ, 5700ಎಕ್ಸ್3ಡಿ ಅಥವಾ 5800ಎಕ್ಸ್3ಡಿ ಹುಡುಕಿ. ಹೊಸದು ಸಿಗುವುದು ಈಗ ಕಷ್ಟ, ಸೆಕೆಂಡ್ ಹ್ಯಾಂಡ್ ಆದರೂ ಪರವಾಗಿಲ್ಲ. ಬೋರ್ಡ್, ರ‍್ಯಾಮ್ ಏನೂ ಬದಲಿಸದೆ ಸಿಗುವ ಅತಿ ದೊಡ್ಡ ಜಿಗಿತ ಅದೇ. ಬಯಾಸ್ (ಮದರ್‌ಬೋರ್ಡ್‌ನ ಮೂಲ ಸಾಫ್ಟ್‌ವೇರ್) ಅಪ್‌ಡೇಟ್ ಮಾತ್ರ ಹಳೆಯ ಪ್ರೊಸೆಸರ್ ತೆಗೆಯುವ ಮೊದಲೇ ಮಾಡಿಕೊಳ್ಳಿ.

8ಕ್ಕಿಂತ ಹೆಚ್ಚು ಕೋರ್‌ಗೆ ದುಡ್ಡು ಕೊಡಬೇಡಿ. ವಿಡಿಯೋ ಎಡಿಟಿಂಗ್ ಮಾಡುತ್ತೀರಾದರೆ ಬೇರೆ ಮಾತು.

ಹೆಜ್ಜೆ 6: ಮದರ್‌ಬೋರ್ಡ್

ಇಲ್ಲಿ ಮೂಗಿಗಿಂತ ಮೂಗುತಿ ಭಾರ ಆಗಬಾರದು. ರೈಜನ್ 5000 ಸಾಲಿಗೆ ಬಿ550, 7000 ಸಾಲಿಗೆ ಬಿ650, 12400ಎಫ್‌ಗೆ ಬಿ660 ಅಥವಾ ಬಿ760. ಇವುಗಳಲ್ಲಿ ಸಾಧಾರಣ ಬೋರ್ಡ್ ಸಾಕು. ಮೂರು ವಿಷಯ ಮಾತ್ರ ನೋಡಿ. ರ‍್ಯಾಮ್ ಸ್ಲಾಟ್ ನಾಲ್ಕು ಇದ್ದರೆ ಒಳ್ಳೆಯದು. ಎಂ.2 ಸ್ಲಾಟ್ (ಎಸ್‌ಎಸ್‌ಡಿ ಕೂರುವ ಜಾಗ) ಎರಡು ಇರಲಿ, ಸಿಮ್ ಜಾಗ ತಿನ್ನುವುದು ನಿಲ್ಲುವುದಿಲ್ಲ. ಹಿಂದೆ ಯುಎಸ್‌ಬಿ ಪೋರ್ಟ್ ಕನಿಷ್ಠ ಆರು ಇರಲಿ. ಕೀಬೋರ್ಡ್, ಮೌಸ್, ಜಾಯ್‌ಸ್ಟಿಕ್, ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ), ಪೆಡಲ್, ವೆಬ್‌ಕ್ಯಾಮ್ ಅಂತ ಎಣಿಸಿದರೆ ಅಲ್ಲಿಗೇ ಆರು ಮುಗಿಯಿತು, ಅಲ್ವಾ?

ಮುಂದೆ ಬೆಳೆಸುವ ಆಸೆ ಇರುವವರು ಎಎಂ5 ಸಾಕೆಟ್ ಬೋರ್ಡ್ ಕೊಳ್ಳಿ. ಇವತ್ತು 7600 ಹಾಕಿ, ನಾಲ್ಕು ವರ್ಷ ಬಿಟ್ಟು 7800ಎಕ್ಸ್3ಡಿಯೋ 9800ಎಕ್ಸ್3ಡಿಯೋ ಅಗ್ಗಕ್ಕೆ ಸಿಕ್ಕಾಗ ಅದೇ ಬೋರ್ಡ್‌ಗೆ ಹಾಕಬಹುದು. ಎಎಂ4 ಇವತ್ತಿಗೆ ಅಗ್ಗ, ಆದರೆ ದಾರಿ ಅಲ್ಲಿಗೇ ಮುಗಿಯುತ್ತದೆ.

ಹೆಜ್ಜೆ 7: ರ‍್ಯಾಮ್

32 ಜಿಬಿ. ಬೇರೆ ಆಟಗಳಿಗೆ 16 ಸಾಕಾಗುತ್ತದೆ, ಸಿಮ್‌ಗೆ ಸಾಲದು. ಸಿಮ್ ಪಕ್ಕದಲ್ಲಿ ನಕ್ಷೆ ತೋರಿಸುವ ಪ್ರೋಗ್ರಾಮ್, ಆನ್‌ಲೈನ್ ಏರ್ ಟ್ರಾಫಿಕ್ ಕಂಟ್ರೋಲ್‌ನ ಪ್ರೋಗ್ರಾಮ್, ಬ್ರೌಸರ್‌ನಲ್ಲಿ ನಾಲ್ಕು ಚಾರ್ಟ್ ಇದ್ದೇ ಇರುತ್ತವೆ. ರ‍್ಯಾಮ್ ತುಂಬಿದರೆ ವಿಂಡೋಸ್ ಡಿಸ್ಕ್‌ಗೆ ಬರೆಯಲು ಶುರು ಮಾಡುತ್ತದೆ, ಆಗ ಆಗಾಗ ಒಂದೊಂದು ಸೆಕೆಂಡ್ ಎಲ್ಲವೂ ಹೆಪ್ಪುಗಟ್ಟುತ್ತದೆ. ಡಿಸಿಎಸ್‌ನಲ್ಲಿ ದೊಡ್ಡ ಮಲ್ಟಿಪ್ಲೇಯರ್ ಸರ್ವರ್‌ಗಳಲ್ಲಿ ಆಡುವವರಿಗೆ ಮಾತ್ರ 64 ಬೇಕು ಅನ್ನುತ್ತೇನೆ.

ಯಾವಾಗಲೂ ಎರಡು ಕಡ್ಡಿ: 16 ಮತ್ತು 16. ಒಂದೇ 32ರ ಕಡ್ಡಿ ಬೇಡ. ಎರಡು ಕಡ್ಡಿ ಇದ್ದರೆ ಪ್ರೊಸೆಸರ್‌ಗೆ ಎರಡು ದಾರಿ ಸಿಗುತ್ತವೆ. ನಾಲ್ಕು ಸ್ಲಾಟ್‌ನ ಬೋರ್ಡ್‌ನಲ್ಲಿ ಸಾಮಾನ್ಯವಾಗಿ ಪ್ರೊಸೆಸರ್‌ನಿಂದ ಎಣಿಸಿ ಎರಡನೇ ಮತ್ತು ನಾಲ್ಕನೇ ಸ್ಲಾಟ್‌ಗೆ ಹಾಕಬೇಕು. ಬೋರ್ಡ್ ಜೊತೆ ಬಂದ ಪುಸ್ತಕ ನೋಡಿ ಖಚಿತ ಮಾಡಿಕೊಳ್ಳಿ. ಡಿಡಿಆರ್4 ಆದರೆ 3200 ಸಿಎಲ್16 ಅಥವಾ 3600 ಸಿಎಲ್18 (ಸಿಎಲ್ ಅಂದರೆ ರ‍್ಯಾಮ್ ಉತ್ತರ ಕೊಡಲು ಹಿಡಿಯುವ ತಡದ ಅಳತೆ). ಎಎಂ5ಗೆ ಡಿಡಿಆರ್5 6000 ಸಿಎಲ್30 ಹದವಾದ ಜಾಗ, ಅದಕ್ಕಿಂತ ವೇಗದ್ದಕ್ಕೆ ಕೊಟ್ಟ ದುಡ್ಡು ಎಫ್‌ಪಿಎಸ್ ಆಗಿ ವಾಪಸ್ ಬರುವುದಿಲ್ಲ.

ಇನ್ನೊಂದು ಮಾತು, ಇದು ನನ್ನ ಮೂರ್ಖತನದ ಕಥೆ. ರ‍್ಯಾಮ್ ಹಾಕಿದರೆ ಅದು ತಾನಾಗಿಯೇ ಡಬ್ಬದ ಮೇಲಿನ ವೇಗದಲ್ಲಿ ಓಡುವುದಿಲ್ಲ. ಬಯಾಸ್‌ಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಎಂಬ ಆಯ್ಕೆ ಆನ್ ಮಾಡಬೇಕು. ನಾನು ನಾಲ್ಕು ತಿಂಗಳು 3200ರ ರ‍್ಯಾಮ್ ಅನ್ನು 2133ರಲ್ಲಿ ಓಡಿಸಿಕೊಂಡು, ಸಿಮ್ ಮಾಡಿದವರಿಗೆ ಬೈಯುತ್ತಾ ಕೂತಿದ್ದೆ.

ಹೆಜ್ಜೆ 8: ಗ್ರಾಫಿಕ್ಸ್ ಕಾರ್ಡ್

ಇಲ್ಲಿ ಮೊದಲು ನೋಡಬೇಕಾದದ್ದು ವಿಡಿಯೋ ಮೆಮೊರಿ. ಕಾರ್ಡ್ ಸ್ವಲ್ಪ ನಿಧಾನ ಇದ್ದರೆ ಮೋಡದ ಗುಣಮಟ್ಟ ಒಂದು ಮಟ್ಟ ಇಳಿಸಿ ಹಾರಬಹುದು. ಮೆಮೊರಿ ತುಂಬಿಹೋದರೆ ಹಾಗಲ್ಲ. 40ರಲ್ಲಿ ಓಡುತ್ತಿದ್ದ ಚಿತ್ರ ಇದ್ದಕ್ಕಿದ್ದಂತೆ ಒಂದಂಕಿಗೆ ಬೀಳುತ್ತದೆ. ಅದೂ ಎರಡು ಗಂಟೆ ಹಾರಿ, ಇಳಿಯುವ ಊರಿನ ದೃಶ್ಯ ಲೋಡ್ ಆಗುವಾಗ!

1080ಪಿಗೆ 8 ಜಿಬಿ ನಡೆಯುತ್ತದೆ. 1440ಪಿಗೆ, ಅದರಲ್ಲೂ ವಿವರವಾದ ಪ್ರಯಾಣಿಕ ವಿಮಾನ ಮತ್ತು ಹೆಚ್ಚುವರಿ ಏರ್‌ಪೋರ್ಟ್‌ಗಳನ್ನು ಹಾಕಿಕೊಳ್ಳುವವರಿಗೆ, 12 ಅಥವಾ 16 ಬೇಕು. 4 ಮತ್ತು 6 ಜಿಬಿ ಕಾರ್ಡ್ ಎಷ್ಟೇ ಅಗ್ಗಕ್ಕೆ ಸಿಕ್ಕರೂ ಬೇಡ.

ಕೆಳಗಿನ ಮಟ್ಟದಲ್ಲಿ ಆರ್‌ಎಕ್ಸ್ 6600 ಇಂದಿಗೂ ಕೊಟ್ಟ ದುಡ್ಡಿಗೆ ಮೋಸ ಮಾಡದ ಕಾರ್ಡ್. 8 ಜಿಬಿ, 132 ವಾಟ್. ಆರ್‌ಟಿಎಕ್ಸ್ 3060ರ 12 ಜಿಬಿ ಮಾದರಿ ವಯಸ್ಸಾದರೂ ಸಿಮ್‌ಗೆ ಹೇಳಿ ಮಾಡಿಸಿದ ಹಾಗಿದೆ. ಅದೇ ಹೆಸರಿನ 8 ಜಿಬಿ ಮಾದರಿಯೂ ಇದೆ, ಅದು ನಿಧಾನ, ಡಬ್ಬ ಸರಿಯಾಗಿ ಓದಿ. ಆರ್‌ಟಿಎಕ್ಸ್ 4060 ಇದಕ್ಕಿಂತ ವೇಗ, ಕರೆಂಟೂ ಕಡಿಮೆ, 115 ವಾಟ್. ಆದರೆ 8 ಜಿಬಿಯ ಮಿತಿ ಇದೆ. ಇಂಟೆಲ್ ಆರ್ಕ್ ಬಿ580ರಲ್ಲಿ 12 ಜಿಬಿ ಸಿಗುತ್ತದೆ. ಹಳೆಯ ಪ್ರೊಸೆಸರ್ ಜೊತೆ ಮಾತ್ರ ಅದು ಸೊರಗುತ್ತದೆ. ಅದರ ಡ್ರೈವರ್ ಪ್ರೊಸೆಸರ್‌ಗೆ ಹೆಚ್ಚು ಕೆಲಸ ಹಚ್ಚುತ್ತದೆ, ನಮಗೆ ಬಡತನ ಇರುವುದೂ ಅಲ್ಲೇ. ನಡುವಿನ ಬಜೆಟ್‌ಗೆ ಆರ್‌ಎಕ್ಸ್ 9060 ಎಕ್ಸ್‌ಟಿ ಅಥವಾ ಆರ್‌ಟಿಎಕ್ಸ್ 5060 ಟಿಐ ನೋಡಿ. ಎರಡೂ 8 ಮತ್ತು 16 ಜಿಬಿ ಮಾದರಿಗಳಲ್ಲಿ ಬಂದಿವೆ. 16ರದ್ದೇ ಕೊಳ್ಳಿ.

ಫ್ರೇಮ್ ಜನರೇಷನ್ ಬಗ್ಗೆ ಎರಡು ಮಾತು. ನಿಜವಾದ ಎರಡು ಚಿತ್ರಗಳ ನಡುವೆ ಕಾರ್ಡ್ ತಾನೇ ಒಂದು ಚಿತ್ರ ಹೆಣೆದು ಸೇರಿಸುತ್ತದೆ. ಕೈ ಅಲ್ಲಾಡಿಸಿದ್ದು ಪರದೆಯಲ್ಲಿ ಕಾಣುವುದು ಸ್ವಲ್ಪ ತಡವಾಗುತ್ತದೆ. ಹಾಗಾಗಿ ಗುಂಡಿನ ಆಟದವರು ಬೈಯುತ್ತಾರೆ. ಆದರೆ ಮೆಲ್ಲಗೆ ತಿರುಗುವ ವಿಮಾನದಲ್ಲಿ ಈ ತಡ ಅಷ್ಟಾಗಿ ಗೊತ್ತಾಗುವುದಿಲ್ಲ. ಮುಖ್ಯವಾಗಿ, ಪ್ರೊಸೆಸರ್ ಸಾಲದೆ ಇರುವಾಗಲೂ ಇದು ಕೆಲಸ ಮಾಡುತ್ತದೆ. ಎನ್‌ವಿಡಿಯಾದ್ದು ಆರ್‌ಟಿಎಕ್ಸ್ 40 ಸಾಲಿನಿಂದ ಮೇಲಕ್ಕೆ ಮಾತ್ರ, ಎಎಂಡಿಯ ಎಫ್‌ಎಸ್‌ಆರ್ 3 ಹಳೆಯ ಕಾರ್ಡ್‌ಗಳಲ್ಲೂ ನಡೆಯುತ್ತದೆ. ಇದಕ್ಕೂ ವಿಡಿಯೋ ಮೆಮೊರಿ ಬೇಕು ಅನ್ನುವುದು ನೆನಪಿರಲಿ.

ಡಿಎಲ್‌ಎಸ್‌ಎಸ್‌ನಂಥ ಅಪ್‌ಸ್ಕೇಲಿಂಗ್ (ಚಿತ್ರವನ್ನು ಚಿಕ್ಕದಾಗಿ ಬಿಡಿಸಿ ದೊಡ್ಡದು ಮಾಡುವುದು) ಬೇರೆ ವಿಷಯ. 1080ಪಿ ಪರದೆಯಲ್ಲಿ ಅದನ್ನು ಪರ್ಫಾರ್ಮೆನ್ಸ್ ಮಟ್ಟಕ್ಕೆ ಇಟ್ಟರೆ ಒಳಗೆ ಚಿತ್ರ ಬಿಡಿಸುವುದು 540ಪಿಯಲ್ಲಿ. ಓಡುವ ಆಲ್ಟಿಮೀಟರ್ (ಎತ್ತರ ತೋರಿಸುವ ಮಾಪಕ) ಅಂಕಿಗಳು ಕಲಸಿಹೋಗುತ್ತವೆ. ಕ್ವಾಲಿಟಿ ಮಟ್ಟಕ್ಕಿಂತ ಕೆಳಗೆ ಹೋಗಬೇಡಿ.

ಹೆಜ್ಜೆ 9: ಎಸ್‌ಎಸ್‌ಡಿ ಮತ್ತು ಇಂಟರ್‌ನೆಟ್

1 ಟಿಬಿ ಎನ್‌ವಿಎಂಇ (ಎಂ.2 ಸ್ಲಾಟ್‌ಗೆ ಕೂರುವ ವೇಗದ) ಎಸ್‌ಎಸ್‌ಡಿ. ಜೆನ್ 3 (ಮೂರನೇ ತಲೆಮಾರಿನ ವೇಗ) ಸಾಕು, ಜೆನ್ 5 ಡ್ರೈವ್‌ಗೆ ಕೊಡುವ ದುಡ್ಡನ್ನು ಜಾಯ್‌ಸ್ಟಿಕ್‌ಗೆ ಹಾಕಿ. ಸಾಧ್ಯವಾದರೆ ಟಿಎಲ್‌ಸಿ ಮಾದರಿ ತೆಗೆದುಕೊಳ್ಳಿ. ಕ್ಯುಎಲ್‌ಸಿ ಡ್ರೈವ್ ತುಂಬುತ್ತಾ ಬಂದ ಹಾಗೆ ಬರೆಯುವ ವೇಗ ಕುಸಿಯುತ್ತದೆ. ಹಾರ್ಡ್ ಡಿಸ್ಕ್‌ನಲ್ಲಿ ಸಿಮ್ ಇಡಬೇಡಿ, ಫೋಟೋ ಬ್ಯಾಕಪ್‌ಗೆ ಇಟ್ಟುಕೊಳ್ಳಿ.

ಮೈಕ್ರೋಸಾಫ್ಟ್ 2024ಕ್ಕೆ ಕಂಪನಿ ಹೇಳುವ ಜಾಗ 50 ಜಿಬಿ ಅಷ್ಟೇ. ಉಳಿದದ್ದು ಹಾರುವಾಗಲೇ ಇಂಟರ್‌ನೆಟ್‌ನಿಂದ ಇಳಿಯುತ್ತದೆ. ಅದಕ್ಕೇ ಕನಿಷ್ಠ 10, ಶಿಫಾರಸಿಗೆ 50 ಎಂಬಿಪಿಎಸ್ ಕೇಳುತ್ತಾರೆ. ನಿಮ್ಮ ಇಂಟರ್‌ನೆಟ್ ಆಗಾಗ ಕೈಕೊಡುವಂಥದ್ದಾದರೆ ಯಾವ ಪ್ರೊಸೆಸರ್ ಹಾಕಿಯೂ ಪ್ರಯೋಜನವಿಲ್ಲ. ಅಂಥವರಿಗೆ ಎಲ್ಲವೂ ಡಿಸ್ಕ್‌ನಲ್ಲೇ ಇರುವ ಎಕ್ಸ್-ಪ್ಲೇನ್ ನೆಮ್ಮದಿ. ಪಿಸಿಗೆ ವೈಫೈ ಬದಲು ಕೇಬಲ್ ಎಳೆಯಿರಿ.

ಹೆಜ್ಜೆ 10: ಪವರ್ ಸಪ್ಲೈ, ಕ್ಯಾಬಿನೆಟ್, ಕೂಲರ್

ಹೆಸರಿರುವ ಕಂಪನಿಯ 550 ಅಥವಾ 650 ವಾಟ್, 80 ಪ್ಲಸ್ ಬ್ರಾಂಜ್. ಮೇಲೆ ಹೇಳಿದ ಯಾವ ಕಾರ್ಡ್‌ಗೂ 650 ಸಾಕು. 80 ಪ್ಲಸ್ ಎನ್ನುವುದು ಎಷ್ಟು ಕರೆಂಟ್ ವ್ಯರ್ಥವಾಗುತ್ತದೆ ಎಂಬುದರ ಗುರುತು, ಒಳಗಿನ ಭಾಗಗಳು ಗಟ್ಟಿ ಎಂಬ ಸರ್ಟಿಫಿಕೇಟ್ ಅಲ್ಲ. ಕ್ಯಾಬಿನೆಟ್ ಜೊತೆ ಉಚಿತವಾಗಿ ಬರುವ ಪವರ್ ಸಪ್ಲೈ ತೆಗೆದಿಡಿ. ಹಳೆಯ ಮಾಡ್ಯುಲರ್ (ಕೇಬಲ್ ಬಿಚ್ಚಬಹುದಾದ) ಪವರ್ ಸಪ್ಲೈನ ಕೇಬಲ್‌ಗಳನ್ನು ಹೊಸದಕ್ಕೆ ಸಿಕ್ಕಿಸಬೇಡಿ. ತುದಿ ಹೊಂದಿದರೂ ಒಳಗಿನ ತಂತಿ ಜೋಡಣೆ ಬೇರೆ ಇರಬಹುದು, ಆಗ ಡಿಸ್ಕೂ ಬೋರ್ಡೂ ಸುಟ್ಟುಹೋಗುತ್ತವೆ.

ಕ್ಯಾಬಿನೆಟ್‌ಗೆ ಮುಂದೆ ಗಾಜಲ್ಲ, ಜಾಲರಿ ಇರಲಿ. ಮುಂದೆ ಎರಡು ಫ್ಯಾನ್, ಹಿಂದೆ ಒಂದು. 5600 ಮತ್ತು 7600 ಡಬ್ಬದಲ್ಲಿ ಕೂಲರ್ ಬರುತ್ತದೆ. ಎಕ್ಸ್3ಡಿ ಪ್ರೊಸೆಸರ್‌ಗಳಲ್ಲಿ ಬರುವುದಿಲ್ಲ, ಸಾಧಾರಣ ಟವರ್ ಕೂಲರ್ ಒಂದನ್ನು ಲೆಕ್ಕಕ್ಕೆ ಸೇರಿಸಿಕೊಳ್ಳಿ.

ಹೆಜ್ಜೆ 11: ಕೈಗೆ ಸಿಗುವ ವಸ್ತುಗಳು

ಕೀಬೋರ್ಡ್‌ನಲ್ಲಿ ವಿಮಾನ ಇಳಿಸುವುದು ಬೇಡ. ಜಾಯ್‌ಸ್ಟಿಕ್ ಅನ್ನು ‘ಆಮೇಲೆ ನೋಡೋಣ’ ಅಂತ ಮುಂದೂಡುವವರೇ ಜಾಸ್ತಿ. ನನ್ನ ಮಟ್ಟಿಗೆ ಹತ್ತು ಎಫ್‌ಪಿಎಸ್‌ಗಿಂತ ಒಂದು ಒಳ್ಳೆಯ ಜಾಯ್‌ಸ್ಟಿಕ್ ಮೇಲು. ಲಾಜಿಟೆಕ್ ಎಕ್ಸ್‌ಟ್ರೀಮ್ 3ಡಿ ಪ್ರೊ ಒಂದೇ ಸಾಕು ಶುರುವಿಗೆ. ಹಿಡಿ ತಿರುಗಿಸಿದರೆ ರಡರ್ (ವಿಮಾನದ ಮೂಗನ್ನು ಎಡಬಲಕ್ಕೆ ತಿರುಗಿಸುವ ಬಾಲದ ಪಟ್ಟಿ), ಬುಡದಲ್ಲಿ ಸಣ್ಣ ಥ್ರಾಟಲ್. ಸ್ವಲ್ಪ ಹೆಚ್ಚು ಹಾಕಬಲ್ಲವರಿಗೆ ಥ್ರಸ್ಟ್‌ಮಾಸ್ಟರ್ ಟಿ.16000ಎಂ. ಅದರಲ್ಲಿ ಕೋಲಿನ ಚಲನೆ ಅಳೆಯುವುದು ಅಯಸ್ಕಾಂತದ ಸೆನ್ಸರ್, ಉಜ್ಜಿ ಸವೆಯುವ ಭಾಗ ಅದರಲ್ಲಿಲ್ಲ. ಎಡಗೈಯವರಿಗೂ ಹೊಂದಿಸಿಕೊಳ್ಳಬಹುದು.

ತಲೆ ತಿರುಗಿಸಿದರೆ ಕಾಕ್‌ಪಿಟ್‌ನಲ್ಲಿ ನೋಟವೂ ತಿರುಗಬೇಕೆ? ದುಬಾರಿ ಉಪಕರಣ ಬೇಕಿಲ್ಲ. ಓಪನ್‌ಟ್ರ್ಯಾಕ್ ಎಂಬ ಉಚಿತ ಪ್ರೋಗ್ರಾಮ್ ಇದೆ, ಮಾಮೂಲಿ ವೆಬ್‌ಕ್ಯಾಮ್‌ನಿಂದಲೇ ಮುಖ ಗುರುತಿಸುತ್ತದೆ. ರಡರ್ ಪೆಡಲ್ ಮುಂದಿನ ವರ್ಷಕ್ಕೆ ಇರಲಿ.

ಉಪಕರಣಗಳು ಹೆಚ್ಚಾದಾಗ ಸ್ವಂತ ಅಡಾಪ್ಟರ್ ಇರುವ ಯುಎಸ್‌ಬಿ ಹಬ್ ಕೊಳ್ಳಿ. ವಿಂಡೋಸ್‌ನ ಪವರ್ ಆಯ್ಕೆಗಳಲ್ಲಿ ಯುಎಸ್‌ಬಿ ಸೆಲೆಕ್ಟಿವ್ ಸಸ್ಪೆಂಡ್ ಆಫ್ ಮಾಡಿ. ಇಲ್ಲದಿದ್ದರೆ ಆಟೋಪೈಲಟ್ ಹಾಕಿ ಒಂದು ಗಂಟೆ ಕೂತು, ಕೊನೆಗೆ ಕೋಲು ಹಿಡಿದಾಗ ಅದು ಮಲಗಿರುತ್ತದೆ.

ಹೆಜ್ಜೆ 12: ಸೆಕೆಂಡ್ ಹ್ಯಾಂಡ್ ಎಲ್ಲಿ ಸರಿ, ಎಲ್ಲಿ ಬೇಡ

ಪ್ರೊಸೆಸರ್ ಧೈರ್ಯವಾಗಿ ಕೊಳ್ಳಿ. ಎಎಂ4 ಪ್ರೊಸೆಸರ್ ಆದರೆ ಪಿನ್ ಬಾಗಿದೆಯೇ ಎಂದು ಮಾತ್ರ ನೋಡಿ. ಇದಕ್ಕೆ ಒಂದು ಅಪವಾದ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಪ್ರೊಸೆಸರ್‌ಗಳು. ಅವಕ್ಕೆ ಹೆಚ್ಚಿನ ವೋಲ್ಟೇಜ್‌ನಿಂದ ಹಾಳಾಗುವ ತೊಂದರೆ ಇತ್ತು. 2024ರಲ್ಲಿ ಇಂಟೆಲ್ ಬಯಾಸ್ ಮೂಲಕ ಅದನ್ನು ತಡೆಯುವ ಅಪ್‌ಡೇಟ್ ಕೊಟ್ಟಿತು. ಅದಕ್ಕೂ ಮೊದಲೇ ಹಾಳಾದದ್ದು ಆ ಅಪ್‌ಡೇಟ್‌ನಿಂದ ಸರಿಹೋಗುವುದಿಲ್ಲ.

ಗ್ರಾಫಿಕ್ಸ್ ಕಾರ್ಡ್ ಕೊಳ್ಳಬಹುದು, ಆದರೆ ಮಾರುವವರ ಮುಂದೆಯೇ ಇಪ್ಪತ್ತು ನಿಮಿಷ ಭಾರದ ಆಟ ಓಡಿಸಿ ನೋಡಿ. ರ‍್ಯಾಮ್ ಪರವಾಗಿಲ್ಲ. ಪವರ್ ಸಪ್ಲೈ ಮತ್ತು ಎಸ್‌ಎಸ್‌ಡಿ ಹೊಸದೇ ಇರಲಿ.

ಹೆಜ್ಜೆ 13: ಜೋಡಿಸಿದ ಮೇಲೆ

ಅಂಗಡಿಯವರು ವಾಪಸ್ ತೆಗೆದುಕೊಳ್ಳುವ ಅವಧಿ ಮುಗಿಯುವ ಮೊದಲೇ ಪರೀಕ್ಷೆ ಮುಗಿಸಿ. ಬಯಾಸ್‌ನಲ್ಲಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ, ಜೊತೆಗೆ ರೀಸೈಜಬಲ್ ಬಾರ್ (ಪ್ರೊಸೆಸರ್‌ಗೆ ವಿಡಿಯೋ ಮೆಮೊರಿಯನ್ನು ಒಟ್ಟಿಗೆ ಮುಟ್ಟಲು ಬಿಡುವ ಆಯ್ಕೆ) ಆನ್ ಮಾಡಿ. ಒಂದು ರಾತ್ರಿ ಮೆಮ್‌ಟೆಸ್ಟ್86 (ರ‍್ಯಾಮ್ ಪರೀಕ್ಷಿಸುವ ಪ್ರೋಗ್ರಾಮ್) ಓಡಲಿ, ಒಂದೇ ಒಂದು ದೋಷ ಕಂಡರೂ ರ‍್ಯಾಮ್ ಬದಲಿಸಿಕೊಳ್ಳಿ. ಡಬ್ಬಗಳನ್ನು ಎಸೆಯಬೇಡಿ.

ಆಮೇಲೆ ಪರೀಕ್ಷಾ ಹಾರಾಟ. ಸಣ್ಣ ಊರಿನ ಏರ್‌ಸ್ಟ್ರಿಪ್‌ನಿಂದ ಎದ್ದು, ನಲವತ್ತು ನಿಮಿಷ ಹಾರಿ, ದೊಡ್ಡ ನಗರದ ಏರ್‌ಪೋರ್ಟ್‌ನಲ್ಲಿ ಇಳಿಯುವ ದಾರಿ ಹಾಕಿ. ಮೋಡ ಇರಲಿ, ಟ್ರಾಫಿಕ್ ಇರಲಿ. ಎಲ್ಲ ಸೆಟ್ಟಿಂಗ್ ಮೀಡಿಯಂ. ಇಳಿಯುವ ಕೊನೆಯ ಐದು ನಿಮಿಷದ ಎಫ್‌ಪಿಎಸ್ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ, ಮೂವತ್ತು ಸಾವಿರ ಅಡಿಯಲ್ಲಿ ಯಾವ ಪಿಸಿಯೂ ಚೆನ್ನಾಗಿಯೇ ಓಡುತ್ತದೆ.

ಆಗ ಮೇನ್ ಥ್ರೆಡ್ ತಡೆಯುತ್ತಿದ್ದರೆ ಟೆರೇನ್ ಲೆವೆಲ್ ಆಫ್ ಡೀಟೇಲ್ (ನೆಲದ ವಿವರದ ಮಟ್ಟ) ಇಳಿಸಿ, ಅದರಿಂದ ಸಿಗುವ ಲಾಭ ಬೇರೆ ಯಾವುದರಲ್ಲೂ ಇಲ್ಲ. ನಂತರ ಟ್ರಾಫಿಕ್, ಆಮೇಲೆ ಕಾಕ್‌ಪಿಟ್ ಪರದೆಗಳ ರಿಫ್ರೆಶ್ ರೇಟ್. ಜಿಪಿಯು ತಡೆಯುತ್ತಿದ್ದರೆ ಮೋಡ, ನೆರಳು, ರೆಂಡರ್ ಸ್ಕೇಲ್ (ಒಳಗೆ ಚಿತ್ರ ಬಿಡಿಸುವ ಗಾತ್ರ). ಹಾರಾಟದ ಕೊನೆಗೆ ಮಾತ್ರ ಚಿತ್ರ ಒಮ್ಮೆಲೇ ಕುಸಿದರೆ ಟೆಕ್ಸ್ಚರ್ (ವಸ್ತುಗಳ ಮೇಲ್ಮೈ ಚಿತ್ರ) ಒಂದು ಮಟ್ಟ ಇಳಿಸಿ, ಅದು ವಿಡಿಯೋ ಮೆಮೊರಿಯ ಕೆಲಸ. ಒಂದು ಸಲಕ್ಕೆ ಒಂದೇ ಸೆಟ್ಟಿಂಗ್ ಬದಲಿಸಿ, ಅದೇ ರನ್‌ವೇಗೆ ಮತ್ತೆ ಇಳಿಯಿರಿ, ಸಂಖ್ಯೆ ಬರೆದಿಡಿ. ನನ್ನ ನೋಟ್‌ಬುಕ್‌ನಲ್ಲಿ ಒಂದೇ ರನ್‌ವೇಗೆ ಇಳಿದ 31 ಸಾಲುಗಳಿವೆ. ಎಫ್‌ಪಿಎಸ್ 22ರಿಂದ 34ಕ್ಕೆ ಏರಿತು, ಇಳಿಯುವುದೂ ಅಷ್ಟರಲ್ಲಿ ಕಲಿತುಬಿಟ್ಟಿದ್ದೆ.